ಮನೆಯ ಚೌಕಟ್ಟಿನಲ್ಲಿ ಸೆರಗಿನ ಕೊಂಡಿ

ಗದಗ ಮತ್ತು ಬೆಟಗೇರಿ ಒಂದೇ ನಗರಸಭೆಯ ಆಶ್ರಯದಲ್ಲಿರುವ ಅವಳಿ ಊರುಗಳು. ಗದಗು ಅರಳೆಯ ಪೇಟೆಯೆಂದು ಹೆಸರಾದರೆ ಬೆಟಗೇರಿಗೆ ಮಗ್ಗದಿಂದಲೇ ಹೆಸರು. ಸುತ್ತಣ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತದೆ. ಬೆಟಗೇರಿ, ಗಜೇಂದ್ರಗಡಗಳಲ್ಲಿ ನೂಲು ಸೀರೆಯಾಗುತ್ತದೆ. ಈ ನೇಕಾರಿಕೆಯ ಸೀಮೆಯಲ್ಲಿ ಉತ್ತರಕ್ಕೆ ಸಾಗಿದರೆ ಸಿಕ್ಕುವುದೇ ಸೀರೆಗೆ ತನ್ನ ಹೆಸರನ್ನು ಕೊಟ್ಟ ಇಳಕಲ್ಲು.

ಇಳಕಲ್ಲ ಸೀರೆಯ ಸೊಬಗೆಲ್ಲ ಅದರ ತೆನಿ ಸೆರಗಿನಲ್ಲಿದೆ. ಕೆಂಪು ರೇಷ್ಮೆಯ ಮೂರು ಪಟ್ಟೆ, ನಡುವೆ ಬಿಳಿಯ ಎರಡು ಪಟ್ಟೆ. ಆ ಬಿಳುಪಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳ ಆಕೃತಿ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಆದರೂ ನಡುವೆ ಹೊಲಿಗೆಯಿಲ್ಲ! ಒಡಲಿನ ಹಾಸು, ಸೆರಗಿನ ಹಾಸು ಎರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ತೂರಿಸಿ, ಎಳೆ ಎಳೆಗೂ ಕೊಂಡಿ ಹಾಕಲಾಗುತ್ತದೆ. ನೇಯ್ಗೆ ಆರಂಭವಾಗುವುದು ಅನಂತರವೇ. ಆರು, ಎಂಟು, ಒಂಬತ್ತು ಗಜಗಳಲ್ಲಿ ಯಾವುದೇ ಸೀರೆಯಾಗಲಿ, ತೆನಿ ಸೆರಗು ಬೇಕೆಂದರೆ ಪ್ರತಿಯೊಂದಕ್ಕೂ ಈ ಕೆಲಸವನ್ನು ಹೊಸದಾಗಿ ಮಾಡಬೇಕು.

ಈ ಕೊಂಡಿಯ ಮರ್ಮವನ್ನು ಮನೆಯಲ್ಲಿಯೇ ಅರಿಯಬಹುದು. ದಕ್ಷಿಣ ಅಮೆರಿಕದ ಪೆರುವಿನ ಪ್ರಾಚೀನ ನೇಕಾರರು ಬೇರೆ ಬೇರೆ ಬಣ್ಣದ ಹಾಸುಗಳನ್ನು ತಾತ್ಕಾಲಿಕ ಆಧಾರದ ಎಳೆಯೊಂದರ ಮೇಲೆ ಹೀಗೆಯೇ ಬೆಸೆಯುತ್ತಿದ್ದರು. ಮನೆಯ ಪ್ರಯೋಗಕ್ಕೆ ಅಂಥ ಎಳೆಯ ಬದಲು ತೆಳ್ಳನೆಯ ಕಡ್ಡಿ ಸಾಕು.

ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮರದ ಚೌಕಟ್ಟಿನ ಮೇಲೂ ಕೆಳಗೂ ಕಾಲಂಗುಲಕ್ಕೊಂದರಂತೆ 32 ಮೊಳೆಗಳನ್ನು ಹೊಡೆಯಿರಿ. ಕೆಳಗಿನಿಂದ ಮೂರನೆಯ ಒಂದು ಪಾಲು ಎತ್ತರದಲ್ಲಿ ಕಡ್ಡಿಯನ್ನು ಅಡ್ಡಲಾಗಿ ಕಟ್ಟಿರಿ. ದಪ್ಪನೆಯ ನೀಲಿ ಹತ್ತಿದಾರವನ್ನು ಮೇಲಿನ ಮೊದಲ ಮೊಳೆಗೆ ಗಂಟುಹಾಕಿ, ಕೆಳಗಿಳಿಸಿ, ಕಡ್ಡಿಯನ್ನು ಬಳಸಿ, ಎರಡನೆಯ ಮೊಳೆಗೆ ಏರಿಸಿರಿ. ಹೀಗೆಯೇ ಕೊನೆಯ ಮೊಳೆಯವರೆಗೆ ಸಾಗಿದರೆ ಕಡ್ಡಿಯ ಮೇಲೆ 31 ಕುಣಿಕೆಗಳು ನಿಲ್ಲುತ್ತವೆ. ಈಗ ಕೆಂಪು ದಾರ. ಅದನ್ನು ಕೆಳಗಿನ ಮೊಳೆಯಿಂದ ಮೇಲೆತ್ತಿ, ನೀಲಿಯ ಕುಣಿಕೆಯೊಳಗೆ ತೂರಿಸಿ, ಪಕ್ಕದ ಮೊಳೆಗೆ ಇಳಿಸುತ್ತ ಬನ್ನಿರಿ. ಎಲ್ಲ ಎಳೆಗಳ ಬಿಗಿಯೂ ಒಂದೇ ಸಮನಾಗಿರಲಿ. ಮುಗಿದ ಮೇಲೆ ಕಡ್ಡಿಯನ್ನು ಮೆಲ್ಲನೆ ಎಳೆದುಬಿಟ್ಟರೆ ಎರಡು ಬಣ್ಣಗಳು ಒಂದನ್ನೊಂದು ಹಿಡಿದು ನಿಲ್ಲುತ್ತವೆ.

ಇನ್ನು ಹೊಕ್ಕು. ದೊಡ್ಡ ಸೂಜಿಯೇ ಲಾಳಿ. ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ಸಾಗಿ, ಮರುಸಾಲಿನಲ್ಲಿ ಅದನ್ನು ಅದಲುಬದಲು ಮಾಡಿದರಾಯಿತು. ಒಡಲನ್ನು ನೀಲಿಯಿಂದ ಹಗುರವಾಗಿ ನೇಯಿರಿ. ಸೆರಗಿನಲ್ಲಿ ಒಂದು ಸಾಲು ಕೆಂಪು, ಒಂದು ಸಾಲು ಬಿಳಿ ಹಾಕುತ್ತ, ಹಾಸು ಮರೆಯಾಗುವಂತೆ ತಲೆಬಾಚುವ ಹಣಿಗೆಯಿಂದ ಒತ್ತಿ ಒತ್ತಿ ಕೂಡಿಸಿರಿ. ಆಗ ತಾನಾಗಿಯೇ ಕೆಂಪು-ಬಿಳಿಯ ಸಣ್ಣ ನಿಲುಗೆರೆಗಳು ಮೂಡುತ್ತವೆ. ಅದೇ ಹಣಿಗೆಯ ಹಲ್ಲು! ಮಗ್ಗದಲ್ಲಿ ಹೊಕ್ಕನ್ನು ಬಡಿಯುವ ಸಾಧನಕ್ಕೂ ಕನ್ನಡದಲ್ಲಿ ಹಣಿಗೆಯೆಂದೇ ಹೆಸರಿರುವುದು ಇಲ್ಲಿ ಅರ್ಥವಾಗುತ್ತದೆ.

ಎಂಟಂಗುಲದ ಈ ತುಂಡು ಮೇಜಿನ ಮೇಲಿನ ಅಲಂಕಾರಕ್ಕೋ ಗೋಡೆಯ ತೂಗುವಸ್ತ್ರಕ್ಕೋ ಒದಗೀತು. ಆದರೆ ಅದರ ನಿಜವಾದ ಪ್ರಯೋಜನ ಬೇರೆ. 31 ಕೊಂಡಿಗಳಿಗೇ ಬೆರಳು ನೋಯುವುದಾದರೆ, ಸೀರೆಯ ಪೂರ್ಣ ಅಗಲಕ್ಕೆ, ಕೂದಲಿನಂಥ ನೂಲಿನಲ್ಲಿ ಕೊಂಡಿ ಹಾಕುವ ಕೈಗಳ ಶ್ರಮವೆಷ್ಟು! ಕೈಮಗ್ಗಕ್ಕೆಂದು ಕೆಲವು ಬಗೆಯ ವಸ್ತ್ರಗಳನ್ನು ಮೀಸಲಿರಿಸುವ ಕಾಯಿದೆ 1985ರಲ್ಲಿ ಬಂದಿತು. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನವಾಗಿದೆ. ಆದರೂ ವಿದ್ಯುತ್ ಮಗ್ಗದ ಅಗ್ಗದ ಅನುಕರಣೆಗಳು ಅಂಗಡಿಯಲ್ಲಿ ಅಸಲಿನ ಪಕ್ಕದಲ್ಲಿಯೇ ಕುಳಿತಿವೆ. ಗುರುತಿಸುವ ಕಣ್ಣಿಲ್ಲದಿದ್ದರೆ ಅಸಲಿನ ಬೆಲೆ ದುಬಾರಿಯೆನಿಸುತ್ತದೆ. ಕೊಳ್ಳುವವರಿಲ್ಲದ ಕಸುಬನ್ನು ನೇಕಾರನ ಮಕ್ಕಳು ಕಲಿಯಲಾರರು.

ಮನೆಯಲ್ಲೊಮ್ಮೆ ಕೊಂಡಿ ಹಾಕಿದ ಗೃಹಿಣಿ ಮುಂದಿನ ಸಲ ಸೀರೆಯ ಅಂಗಡಿಯಲ್ಲಿ ಬಣ್ಣವನ್ನಷ್ಟೇ ನೋಡಿ ಮರುಳಾಗುವುದಿಲ್ಲ. ಸೆರಗು ಒಡಲನ್ನು ಸೇರುವ ಗೆರೆಯನ್ನು ತಿರುವಿ ನೋಡುತ್ತಾಳೆ. ಅಲ್ಲಿ ಹೊಲಿಗೆಯಿದೆಯೋ ಕೊಂಡಿಗಳ ಸಾಲಿದೆಯೋ ಎಂಬುದನ್ನು ಅವಳ ಬೆರಳೇ ಹೇಳುತ್ತದೆ.