ಕೊಲ್ಲಿಯ ನೌಕರಿ: ವೀಸಾ ಯಾರ ಕೈಯಲ್ಲಿದೆ?

ಧಾರಾವಿಯ ಚರ್ಮದ ಹಾಗೂ ಸಿದ್ಧ ಉಡುಪಿನ ಕಿರು ಕಾರ್ಖಾನೆಗಳಲ್ಲಿ ಕೈ ಪಳಗಿದ ಕುಶಲಕರ್ಮಿಗೆ ಕೊಲ್ಲಿ ರಾಷ್ಟ್ರಗಳ ಸಂಬಳ ಆಕರ್ಷಕವೆನಿಸುವುದು ಸಹಜ. ಆದರೆ ಅಲ್ಲಿನ ಉದ್ಯೋಗ ವೀಸಾ ಆತನ ಕೌಶಲವೊಂದನ್ನೇ ನೋಡಿ ದೊರೆಯುವುದಿಲ್ಲ. ಕರೆಸಿಕೊಳ್ಳುವ ಮಾಲೀಕನ ಪ್ರಾಯೋಜಕತ್ವವನ್ನು ಅವಲಂಬಿಸಿರುತ್ತದೆ. ‘ಕಫಾಲಾ’ ಪದ್ಧತಿಯ ತಿರುಳು ಇದೇ. ಮಾಲೀಕನನ್ನು ತೊರೆದರೆ ವಾಸ್ತವ್ಯದ ಹಕ್ಕೂ ಅಲುಗಾಡುತ್ತದೆ. ಕತಾರ್ 2020ರಲ್ಲಿ, ಸೌದಿ ಅರೇಬಿಯಾ 2021ರಲ್ಲಿ ಉದ್ಯೋಗ ಬದಲಾವಣೆಯ ನಿಯಮಗಳನ್ನು ಸಡಿಲಿಸಿದವು. ಸೌದಿಯ ಆ ಸಡಿಲಿಕೆ ಮನೆಗೆಲಸದವರನ್ನು ಹೊರಗಿಟ್ಟಿತ್ತು!

ಹತ್ತನೇ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು. ಅಂಥವರು ಸೌದಿ, ಕುವೈತ್, ಕತಾರ್ ಮೊದಲಾದ ದೇಶಗಳಿಗೆ ದುಡಿಮೆಗಾಗಿ ತೆರಳುವ ಮುನ್ನ 1983ರ ವಲಸೆ ಕಾಯ್ದೆಯನ್ವಯ ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಕರಾರು, ಸಂಬಳ, ಮಾಲೀಕನ ವಿವರ ಪರಿಶೀಲನೆಗೊಳ್ಳುವುದು ಈ ಹಂತದಲ್ಲಿಯೇ. ಇದನ್ನು ತಪ್ಪಿಸಲೆಂದು ಕೆಲವು ದಲ್ಲಾಳಿಗಳು, ‘ಹೋದ ಮೇಲೆ ಬದಲಿಸಿಕೊಳ್ಳಿ’ ಎಂದು ಸಂದರ್ಶಕ ವೀಸಾದಲ್ಲಿ ಕಳುಹಿಸುತ್ತಾರೆ. ಹಾಗೆ ಹೋದವನಿಗೆ ನೋಂದಾಯಿತ ಕರಾರೂ ಇಲ್ಲ, ಅಪಘಾತದಲ್ಲಿ ಮಡಿದರೆ ಕುಟುಂಬಕ್ಕೆ ಸಲ್ಲುವ 10 ಲಕ್ಷ ರೂಪಾಯಿಯ ಕಡ್ಡಾಯ ವಿಮೆಯೂ ಇಲ್ಲ.

ನೋಂದಾಯಿತ ಏಜೆಂಟರ ಸೇವಾಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿಯನ್ನು ಕೇಳಿ ಪಡೆಯಿರಿ. ಏಜೆಂಟರ ನೋಂದಣಿಯನ್ನು ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು. ವೀಸಾದಲ್ಲಿಯೂ ಕರಾರಿನಲ್ಲಿಯೂ ಇರುವ ಮಾಲೀಕ ಒಬ್ಬನೇ ಹೌದೋ ಎಂಬುದನ್ನು, ಅರಬ್ಬೀ ಬಲ್ಲವರಿಂದ ಓದಿಸಿ, ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿರಿ.