ಸ್ವೀಡನ್: ಉಳಿಸಿಕೊಳ್ಳಬೇಕಾದುದೇನು?

ಉತ್ತರ ಯೂರೋಪಿನ ಸ್ವೀಡನ್ ದೇಶದಲ್ಲಿ ಜೂನ್ ತಿಂಗಳು ಬಂದಿತೆಂದರೆ ಶಾಲೆಗಳಿಗೆ ಬೇಸಗೆಯ ರಜೆ. ದೀರ್ಘವಾದ ಚಳಿಯನ್ನೂ ಕತ್ತಲೆಯನ್ನೂ ಕಳೆದ ಮಕ್ಕಳು ಒಳ್ಳೆಯ ಉಡುಪನ್ನು ತೊಟ್ಟು, ತಾಯಿತಂದೆಯರೊಡನೆ ಊರಿನ ಚರ್ಚಿನಲ್ಲಿ ನೆರೆದು, ಹೂ ಬಿಡುವ ಕಾಲವನ್ನು ಸ್ವಾಗತಿಸುವ ಹಳೆಯ ಸ್ತೋತ್ರಗೀತೆಯೊಂದನ್ನು ಹಾಡಿ ಮನೆಗೆ ಮರಳುವುದು ಅಲ್ಲಿಯ ಬಹುಕಾಲದ ವಾಡಿಕೆ. 1695ರ ಸ್ತೋತ್ರಸಂಗ್ರಹದಲ್ಲಿಯೇ ಆ ಹಾಡು ಅಚ್ಚಾಗಿದೆ. ಅಜ್ಜಿ ಹಾಡಿದುದನ್ನು ಮೊಮ್ಮಗಳೂ ಹಾಡುತ್ತಾಳೆ. ಕೇಳಿದ ಹಿರಿಯರ ಕಣ್ಣು ತೇವವಾಗುತ್ತದೆ.

ಇಷ್ಟು ಸಾಧುವಾದ ಸಮಾರಂಭವೂ ವಿವಾದಕ್ಕೆ ಸಿಲುಕಿದೆ. ಶಾಲೆಯ ಶಿಕ್ಷಣ ಯಾವ ಮತಕ್ಕೂ ಸೇರಿರಬಾರದೆಂಬುದು ಕಾನೂನು. ಹಾಗಿರುವಾಗ ಮುಸಲ್ಮಾನರ ಮಕ್ಕಳನ್ನೂ ದೇವರನ್ನೇ ನಂಬದವರ ಮಕ್ಕಳನ್ನೂ ಚರ್ಚಿಗೆ ಕರೆದೊಯ್ಯುವುದು ಸರಿಯೇ ಎಂದು ಕೆಲವರು ಕೇಳಿದರು. ಶಿಕ್ಷಣ ಇಲಾಖೆ ತಲೆ ಕೆರೆದುಕೊಂಡು ಒಂದು ದಾರಿ ಕಂಡುಹಿಡಿಯಿತು: ಸಮಾರಂಭವನ್ನು ಚರ್ಚಿನಲ್ಲಿ ನಡೆಸಬಹುದು, ಪ್ರಾರ್ಥನೆ, ಆಶೀರ್ವಚನಗಳು ಮಾತ್ರ ಕೂಡದು, ಆ ಸ್ತೋತ್ರವನ್ನು ಹಾಡಬಹುದು, ಏಕೆಂದರೆ ಅದು ಈಗ ಪೂಜೆಯಲ್ಲ, ಸಂಪ್ರದಾಯ! ದೇವರನ್ನು ಹೊರಗೆ ನಿಲ್ಲಿಸಿ ದೇವರ ಮನೆಯಲ್ಲಿ ದೇವರ ಹಾಡು ಹಾಡುವ ಈ ಏರ್ಪಾಡನ್ನು ಕಂಡು ನಗು ಬಂದರೆ ತಪ್ಪಲ್ಲ. ಆದರೆ ಸ್ವೀಡನ್ನಿನ ಸಂಪ್ರದಾಯವಾದಿಗಳಿಗೆ ಇದು ನಗುವ ವಿಷಯವಾಗಿಲ್ಲ. ಬಂದವರಿಗೆ ನೋವಾಗದಿರಲೆಂದು ಮನೆಯವರು ತಮ್ಮ ಹಾಡಿಗೂ ಸಮಜಾಯಿಷಿ ಕೊಡಬೇಕಾದ ಕಾಲ ಬಂದಿತೆಂದು ಅವರ ದೂರು.

‘ಮನೆ’ ಎಂಬ ಮಾತು ಅಲ್ಲಿಯ ರಾಜಕೀಯದಲ್ಲಿ ಬಹು ತೂಕವುಳ್ಳದ್ದು. ಸೋಷಿಯಲ್ ಡೆಮೋಕ್ರಾಟ್ ಪಕ್ಷದ ನಾಯಕ ಪೆರ್ ಆಲ್ಬಿನ್ ಹಾನ್ಸನ್ 1928ರಲ್ಲಿ ಸಂಸತ್ತಿನಲ್ಲಿ ಭಾಷಣ ಮಾಡುತ್ತ, ದೇಶವು ‘ಜನತೆಯ ಮನೆ’ಯಾಗಬೇಕೆಂದೂ ಅಲ್ಲಿ ಮುದ್ದಿನ ಮಗು, ಮಲಮಗು ಎಂಬ ಭೇದ ಸಲ್ಲದೆಂದೂ ಸಾರಿದನು. ಆ ಪದವನ್ನು ಅವನಿಗಿಂತ ಮೊದಲೇ ಬಳಸಿದ್ದವನು ರುಡಾಲ್ಫ್ ಶೆಲೆನ್ ಎಂಬ ಸಂಪ್ರದಾಯವಾದಿ ಪಂಡಿತ. ಬಲಪಂಥದವರ ಪದ ಎಡಪಂಥದವರ ಕೈಸೇರಿ ಊರ್ಜಿತವಾಯಿತು. 1932ರಿಂದ 1976ರವರೆಗೆ, ನಡುವೆ ಒಂದು ಬೇಸಗೆಯ ಅಲ್ಪಕಾಲವನ್ನು ಬಿಟ್ಟರೆ, ಅದೇ ಪಕ್ಷದ ನಾಯಕರೇ ಪ್ರಧಾನಮಂತ್ರಿಗಳಾಗಿದ್ದರು. 1971ರಲ್ಲಿ ಗಂಡಹೆಂಡಿರ ಆದಾಯಕ್ಕೆ ಬೇರೆ ಬೇರೆ ತೆರಿಗೆ ಬಂದಿತು. 1974ರಲ್ಲಿ ಬಾಣಂತಿಯರ ರಜೆಯ ಬದಲು ತಾಯಿತಂದೆಯರಿಬ್ಬರಿಗೂ ಸಲ್ಲುವ ರಜೆ ಬಂದಿತು; ಜಗತ್ತಿನಲ್ಲಿ ಅದೇ ಮೊದಲು. ಮಕ್ಕಳನ್ನು ಹೊಡೆಯಬಾರದೆಂಬ ಕಾನೂನು, ಅದೂ ಜಗತ್ತಿಗೇ ಮೊದಲನೆಯದು, 1979ರಲ್ಲಿ ಬಂದಿತು. ಹಳತನ್ನು ಬಿಡುವುದೇ ಆ ಜನರ ಹೆಮ್ಮೆಯಾಯಿತೆಂದರೂ ಸಲ್ಲುವುದು. ‘ಬಲಪಕ್ಷ’ವೆಂದೇ ಹೆಸರಿಟ್ಟುಕೊಂಡಿದ್ದ ಪಕ್ಷವು 1969ರಲ್ಲಿ ಆ ಹೆಸರನ್ನು ಕಳಚಿ ‘ಮಾಡರೇಟ್’ ಎಂದು ಕರೆದುಕೊಂಡಿತು. ಸಂಪ್ರದಾಯವಾದಿಯೆಂದು ಹೇಳಿಕೊಳ್ಳಲು ಸಂಪ್ರದಾಯವಾದಿಗಳೇ ನಾಚುತ್ತಿದ್ದ ಕಾಲವದು.

ಆ ನಾಚಿಕೆ ಬಿಟ್ಟುಹೋದುದಕ್ಕೆ ಕಾರಣವನ್ನು ಹುಡುಕುವವರು ಸಾಮಾನ್ಯವಾಗಿ 1975ನೆಯ ವರ್ಷವನ್ನು ತೋರಿಸುತ್ತಾರೆ. ವಲಸೆ ಬಂದವರು ತಮ್ಮ ಭಾಷೆ ಆಚಾರಗಳನ್ನು ಉಳಿಸಿಕೊಳ್ಳಬೇಕೋ ಸ್ವೀಡನ್ನಿನವುಗಳನ್ನು ಸ್ವೀಕರಿಸಬೇಕೋ ಎಂಬುದು ಅವರವರ ಆಯ್ಕೆಗೆ ಸೇರಿದುದೆಂದು ಆ ವರ್ಷ ಸಂಸತ್ತು ನೀತಿಯನ್ನು ರೂಪಿಸಿತು. ಆಗ ಬಂದಿದ್ದವರಲ್ಲಿ ಬಹುಮಂದಿ ನೆರೆಯ ಫಿನ್ಲೆಂಡಿನವರು, ಕಾರ್ಖಾನೆಗಳಲ್ಲಿ ದುಡಿಯಲು ಬಂದವರು. ಮುಂದೆ ಚಿಲಿ, ಇರಾನ್, ಬೋಸ್ನಿಯಾ, ಇರಾಕ್, ಸೊಮಾಲಿಯಾ, ಸಿರಿಯಾಗಳಿಂದ ಯುದ್ಧಕ್ಕೂ ದಬ್ಬಾಳಿಕೆಗೂ ಬೆದರಿ ಬಂದವರ ಸಾಲು ಬೆಳೆಯಿತು. 2014ರಲ್ಲಿ ಮಾಡರೇಟ್ ಪಕ್ಷದ ಪ್ರಧಾನಿ ಫ್ರೆಡ್ರಿಕ್ ರೈನ್‌ಫೆಲ್ಟ್ ಜನರು ಹೃದಯವನ್ನು ತೆರೆಯಬೇಕೆಂದು ಬೇಡಿಕೊಂಡನು. 2015 ಒಂದೇ ವರ್ಷದಲ್ಲಿ ಸುಮಾರು 1,63,000 ಮಂದಿ ಆಶ್ರಯ ಬೇಡಿದರು. ಒಂದು ಕೋಟಿ ಜನರ ದೇಶಕ್ಕೆ ಅದು ಸಣ್ಣ ಸಂಖ್ಯೆಯಲ್ಲ. ಆ ವರ್ಷ ಮುಗಿಯುವ ಮೊದಲೇ ಗಡಿಯಲ್ಲಿ ತಪಾಸಣೆ ಆರಂಭವಾಯಿತು. 2022ರ ಹೊತ್ತಿಗೆ ದೇಶದ ನಿವಾಸಿಗಳಲ್ಲಿ ಐವರಿಗೊಬ್ಬರು ಹೊರದೇಶದಲ್ಲಿ ಹುಟ್ಟಿದವರಾಗಿದ್ದರು.

ಸಂಪ್ರದಾಯವಾದಿಗಳ ವಾದದಲ್ಲಿ ತೂಕವುಳ್ಳ ಭಾಗವನ್ನು ಮೊದಲು ನೋಡುವುದು ನ್ಯಾಯ. ಜನತೆಯ ಮನೆ ನಿಂತದ್ದು ಪರಸ್ಪರ ನಂಬಿಕೆಯ ಮೇಲೆ. ಆದಾಯದ ದೊಡ್ಡ ಪಾಲನ್ನು ತೆರಿಗೆಯಾಗಿ ಕೊಡುವವನು, ತೆಗೆದುಕೊಳ್ಳುವವನೂ ತನ್ನವನೇ ಎಂದು ನಂಬಿರಬೇಕು. ಮನುಷ್ಯನನ್ನು ನಾಗರಿಕನೆಂದು ಕಾಣದೆ ಜನಾಂಗ, ಮತ, ಲಿಂಗಗಳ ಗುಂಪಿಗೆ ಸೇರಿದವನೆಂದೇ ಎಣಿಸಿ, ಗುಂಪುಗುಂಪಿಗೂ ಬೇರೆ ಬೇರೆ ನೋವು, ಬೇರೆ ಬೇರೆ ಹಕ್ಕು ಎಂದು ಹಂಚತೊಡಗಿದರೆ ಆ ನಂಬಿಕೆ ಸವೆಯುತ್ತದೆ. ಗುರುತಿನ ರಾಜಕಾರಣವೆಂದು ಅವರು ದೂಷಿಸುವುದು ಇದನ್ನು. ವಾದ ಸುಳ್ಳೆಂದು ತಳ್ಳಿಹಾಕುವಂತಿಲ್ಲ. 2022ರ ಏಪ್ರಿಲ್ ತಿಂಗಳಲ್ಲಿ, ಕುರಾನ್ ಸುಡುವ ಸಭೆಗಳ ನೆಪದಿಂದ ಹಲವು ಊರುಗಳಲ್ಲಿ ಗಲಭೆಯಾದಾಗ, ಆಗಿನ ಸೋಷಿಯಲ್ ಡೆಮೋಕ್ರಾಟ್ ಪ್ರಧಾನಿ ಮಗ್ದಲೆನಾ ಆಂಡರ್ಸನ್ ಅವರೇ ದೇಶದಲ್ಲಿ ಒಂದಕ್ಕೊಂದು ಸೋಕದ ಸಮಾಜಗಳು ಬೆಳೆದಿವೆಯೆಂದು ಒಪ್ಪಿಕೊಂಡರು.

ಆದರೆ ಹಿಂದಿನ ಮನೆಯಲ್ಲಿ ಮಲಮಕ್ಕಳೇ ಇರಲಿಲ್ಲವೆಂದು ಹೇಳುವವರು ಇತಿಹಾಸವನ್ನು ಮರೆತವರು. 1922ರಲ್ಲಿ ಸರಕಾರವೇ ಉಪ್ಸಾಲದಲ್ಲಿ ಜನಾಂಗ ಜೀವಶಾಸ್ತ್ರದ ಸಂಸ್ಥೆಯೊಂದನ್ನು ತೆರೆಯಿತು. ಉತ್ತರದ ಸಾಮಿ ಜನರ ತಲೆಬುರುಡೆಗಳನ್ನು ಅಳೆಯುವುದು ಅಲ್ಲಿಯ ವಿದ್ವಾಂಸರ ಉದ್ಯೋಗವಾಗಿತ್ತು. ಎಲ್ಲ ಪಕ್ಷಗಳ ಬೆಂಬಲವೂ ಅದಕ್ಕಿದ್ದಿತು. ‘ಯೋಗ್ಯರಲ್ಲ’ವೆಂದು ಕಂಡವರಿಗೆ ಸಂತಾನಹರಣ ಮಾಡುವ ಕಾನೂನು 1934ರಲ್ಲಿ ಬಂದು 1975ರವರೆಗೂ ಬೇರೆ ಬೇರೆ ರೂಪದಲ್ಲಿ ಉಳಿಯಿತು. ಗುಂಪಿನ ಗುರುತು ಹಚ್ಚಿದವರು ಮೊದಲು ಆಳುವವರು. ಗುರುತು ಹಚ್ಚಿಸಿಕೊಂಡವರು ಅದನ್ನೇ ಹಿಡಿದು ನ್ಯಾಯ ಕೇಳಿದುದು ಆಮೇಲೆ.

ಗಹನವಾದ ಈ ಪ್ರಶ್ನೆಗಳಿಗಿಂತ ಜನ ಹೆಚ್ಚು ಕಚ್ಚಾಡಿದುದು ಸಣ್ಣ ವಿಷಯಗಳಿಗಾಗಿ. ಅವನು, ಅವಳು ಎಂಬ ಭೇದ ತೋರದೆ ಗೌರವದಿಂದ ‘ಅವರು’ ಎಂದು ಹೇಳಿ ಪಾರಾಗುವ ಸೌಕರ್ಯ ಕನ್ನಡಿಗರಿಗುಂಟು. ಸ್ವೀಡಿಷ್ ಭಾಷೆಯಲ್ಲಿ ಅವನಿಗೆ ‘ಹಾನ್’, ಅವಳಿಗೆ ‘ಹೋನ್’. ಎರಡಕ್ಕೂ ಹೊಂದುವ ‘ಹೆನ್’ ಎಂಬ ಹೊಸ ಸರ್ವನಾಮವನ್ನು 2012ರಲ್ಲಿ ಒಂದು ಮಕ್ಕಳ ಪುಸ್ತಕ ಬಳಸಿದಾಗ ಪತ್ರಿಕೆಗಳು ತಿಂಗಳುಗಟ್ಟಲೆ ಕಾದಾಡಿದವು. 2015ರಲ್ಲಿ ಸ್ವೀಡಿಷ್ ಅಕಾಡೆಮಿಯ ಪದಕೋಶ ಅದನ್ನು ಸೇರಿಸಿಕೊಂಡಿತು. ಜಗಳ ತಾನಾಗಿ ತಣ್ಣಗಾಯಿತು. 2012ರಲ್ಲಿಯೇ ಸ್ಟಾಕ್‌ಹೋಮಿನ ಸಂಸ್ಕೃತಿ ಭವನದ ಮಕ್ಕಳ ಗ್ರಂಥಾಲಯದಿಂದ, ಆಫ್ರಿಕದವರನ್ನು ಹೀನವಾಗಿ ಚಿತ್ರಿಸಿದೆಯೆಂದು, ಟಿನ್‌ಟಿನ್ ಚಿತ್ರಕಥೆಗಳನ್ನು ತೆಗೆಸಿದರು. ಕೂಗಾಟ ಕೇಳಿ ಅದೇ ದಿನ ಹಿಂದಕ್ಕೆ ಇರಿಸಿದರು.

ಎಲ್ಲಕ್ಕಿಂತ ಆಳಕ್ಕೆ ನಾಟಿದುದು ಪಿಪ್ಪಿಯ ಪ್ರಕರಣ. ಆಸ್ಟ್ರಿಡ್ ಲಿಂಡ್‌ಗ್ರೆನ್ 1945ರಲ್ಲಿ ಸೃಷ್ಟಿಸಿದ ಈ ಕೆಂಜಡೆಯ ತುಂಟಿ ಆ ದೇಶದ ಮನೆಮನೆಯ ಮಗಳು. ಅವಳ ತಂದೆ ದೂರದ ದ್ವೀಪವೊಂದರಲ್ಲಿ ‘ನೀಗ್ರೋಗಳ ರಾಜ’ನೆಂದು ಮೂಲ ಕಥೆಯಲ್ಲಿತ್ತು. 1969ರ ಟೆಲಿವಿಷನ್ ಮಾಲೆಯಿಂದ ಆ ಮಾತನ್ನು 2014ರಲ್ಲಿ ಅಳಿಸಿದರು; 2015ರ ಮುದ್ರಣದಲ್ಲಿ ಅವನು ‘ದಕ್ಷಿಣ ಸಮುದ್ರದ ರಾಜ’ನಾದನು. ಲೇಖಕಿ 2002ರಲ್ಲಿಯೇ ತೀರಿಕೊಂಡಿದ್ದರು. ಬದಲಾವಣೆಗೆ ಅವರ ವಾರಸುದಾರರ ಒಪ್ಪಿಗೆಯಿತ್ತು. ಆದರೂ ತಮ್ಮ ಬಾಲ್ಯವನ್ನೇ ಯಾರೋ ತಿದ್ದಿದರೆಂದು ಅನೇಕರು ಕೆರಳಿದರು. ಆ ಪದವನ್ನು ಬೀದಿಯಲ್ಲಿ ಬೈಗುಳವಾಗಿ ಕೇಳಿಸಿಕೊಂಡು ಬಂದ ಮಗು ಅದೇ ಪದವನ್ನು ತರಗತಿಯಲ್ಲಿ ಕುಳಿತು ಕೇಳಬೇಕಾದಾಗ ಅದಕ್ಕೆ ಏನೆನ್ನಿಸುವುದೆಂದು ಕೆರಳಿದವರಲ್ಲಿ ಕೆಲವರಾದರೂ ಯೋಚಿಸಿದ್ದರೆ ಚೆನ್ನಾಗಿತ್ತು.

ಈ ಅಸಮಾಧಾನವನ್ನೆಲ್ಲ ಮತಗಳಾಗಿ ಕೊಯ್ದುಕೊಂಡುದು ಸ್ವೀಡನ್ ಡೆಮೋಕ್ರಾಟ್ ಪಕ್ಷ. 1988ರಲ್ಲಿ ಹುಟ್ಟಿದ ಇದರ ಬೇರುಗಳು ಉಗ್ರ ಜನಾಂಗವಾದಿಗಳ ಕೂಟಗಳಲ್ಲಿದ್ದವು. 2005ರಲ್ಲಿ ನಾಯಕನಾದ ಜಿಮ್ಮಿ ಓಕೆಸನ್ ಪಕ್ಷದ ಮುಖವನ್ನು ತೊಳೆದು ಸಂಪ್ರದಾಯದ ಉಡುಪು ತೊಡಿಸಿದನು. 2010ರಲ್ಲಿ ನೂರಕ್ಕೆ 5.7 ಮತ ಪಡೆದು ಅದು ಸಂಸತ್ತನ್ನು ಪ್ರವೇಶಿಸಿತು. ಸಂಸತ್ತಿನ ಆರಂಭಕ್ಕೆ ಮುನ್ನ ಸ್ಟಾಕ್‌ಹೋಮಿನ ಹಳೆಯ ಮಹಾಮಂದಿರದಲ್ಲಿ ನಡೆದ ಪೂಜೆಯಲ್ಲಿ ಬಿಷಪ್ ಏವಾ ಬ್ರುನ್ನೆ ಜನಾಂಗದ್ವೇಷವನ್ನು ಖಂಡಿಸಿ ಉಪದೇಶಿಸಿದಾಗ, ಕ್ರೈಸ್ತ ಪರಂಪರೆಯನ್ನು ಕಾಯಲು ಬಂದೆವೆಂದ ಆ ಪಕ್ಷದ ಸದಸ್ಯರು ಚರ್ಚಿನಿಂದಲೇ ಎದ್ದು ಹೊರಟರು. 2022ರಲ್ಲಿ ಅದೇ ಪಕ್ಷಕ್ಕೆ ನೂರಕ್ಕೆ 20.5 ಮತ ಬಂದಿತು. ಅದರ ಬೆಂಬಲದಿಂದಲೇ ಮಾಡರೇಟ್ ಪಕ್ಷದ ಉಲ್ಫ್ ಕ್ರಿಸ್ಟರ್ಸನ್ ಪ್ರಧಾನಿಯಾದನು. ಸ್ವೀಡಿಷ್ ತನವೆಂಬ ಒಂದೇ ಗುರುತನ್ನು ಹಿಡಿದು ಮತ ಕೇಳುವುದೂ ಗುರುತಿನ ರಾಜಕಾರಣವೇ ಅಲ್ಲವೇ ಎಂಬ ವಿರೋಧಿಗಳ ಪ್ರಶ್ನೆಗೆ ಆ ಪಾಳೆಯದಿಂದ ತೃಪ್ತಿಕರವಾದ ಉತ್ತರ ಇನ್ನೂ ಬಂದಿಲ್ಲ.

ಕ್ರೈಸ್ತ ಡೆಮೋಕ್ರಾಟರ ದೂರು ಬೇರೆ ಬಗೆಯದು. ಸರಕಾರ ವ್ಯಕ್ತಿಯನ್ನು ತಂದೆ, ಪತಿ, ನೆರೆಯವರ ಹಂಗಿನಿಂದ ಬಿಡಿಸಿ ತನ್ನ ಹಂಗಿಗೆ ಒಳಪಡಿಸಿಕೊಂಡಿತೆಂಬ ಚರ್ಚೆಗೆ ಹೆನ್ರಿಕ್ ಬೆರಿಗ್ರೆನ್, ಲಾರ್ಸ್ ಟ್ರೆಗೋರ್ಡ್ ಎಂಬ ಇಬ್ಬರು ಇತಿಹಾಸಕಾರರು 2006ರ ತಮ್ಮ ಗ್ರಂಥದಲ್ಲಿ ಚೌಕಟ್ಟು ಒದಗಿಸಿದರು. ಶಿಶುವಿಹಾರಕ್ಕೆ ಕಳಿಸದೆ ಮಗುವನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಸಹಾಯಧನ ಕೊಡಬೇಕೆಂದು ಕ್ರೈಸ್ತ ಡೆಮೋಕ್ರಾಟರು ಒತ್ತಾಯಿಸಿ 2008ರಲ್ಲಿ ಅದನ್ನು ಪಡೆದರು. 2016ರಲ್ಲಿ ಎದುರು ಪಕ್ಷದ ಸರಕಾರ ಅದನ್ನು ರದ್ದುಪಡಿಸಿತು. ವಲಸೆ ಬಂದ ತಾಯಂದಿರನ್ನು ಅದು ಮನೆಯಲ್ಲೇ ಕಟ್ಟಿಹಾಕುವುದೆಂಬುದು ರದ್ದು ಮಾಡಿದವರು ಮುಂದಿಟ್ಟ ಒಂದು ಕಾರಣ.

2022ರಲ್ಲಿ ಅಧಿಕಾರ ಹಿಡಿದವರು ದೇಶದ ಸಂಸ್ಕೃತಿಗೆ ಒಂದು ಪ್ರಮಾಣ ಪಟ್ಟಿ ಬೇಕೆಂದು ನಿರ್ಧರಿಸಿದರು. ಅದೇ ಟ್ರೆಗೋರ್ಡ್ ಅದರ ಸಮಿತಿಗೆ ಅಧ್ಯಕ್ಷ. 2025ರ ಸೆಪ್ಟೆಂಬರಿನಲ್ಲಿ ನೂರು ವಸ್ತುಗಳ ಪಟ್ಟಿ ಸಿದ್ಧವಾಯಿತು. ಆಗಿನ ಸಂಸ್ಕೃತಿ ಮಂತ್ರಿ ಪರೀಸಾ ಲಿಲ್ಯೆಸ್ಟ್ರಾಂಡ್ ಇರಾನಿನಿಂದ ಬಾಲ್ಯದಲ್ಲಿ ಬಂದವರು. ಐವತ್ತು ವರ್ಷಗಳ ಪರೀಕ್ಷೆಯಲ್ಲಿ ಗೆದ್ದದ್ದು ಮಾತ್ರ ಸೇರಬೇಕೆಂಬ ನಿಯಮವಿದ್ದುದರಿಂದ ಪಟ್ಟಿ ಸರಿಯಾಗಿ 1975ರ ಬಾಗಿಲಲ್ಲಿ ನಿಂತಿತು. ವಲಸಿಗರು ತಂದುದೆಲ್ಲ ಹೊರಗುಳಿಯಿತೆಂದು ಒಂದು ಕಡೆಯ ಗದ್ದಲ. ಅಬ್ಬಾ ಗಾಯಕರಿಗೇ ಎಡೆಯಿಲ್ಲವೆಂದು ಇನ್ನೊಂದು ಕಡೆಯ ಅಳಲು. ಇಂಗ್ಮಾರ್ ಬೆರಿಮಾನನ ಚಲಚ್ಚಿತ್ರ ಪಟ್ಟಿಯಲ್ಲಿದೆ. ಪೀಠೋಪಕರಣದ ಐಕಿಯಾ ಅಂಗಡಿಯೂ ಇದೆ. ತಂದೆಯಾದವನಿಗೆ ಮಗುವನ್ನು ನೋಡಿಕೊಳ್ಳಲು ದೊರೆಯುವ ರಜೆಯೂ ಸೇರಿದೆ. 1912ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕನ್ನು ಮೇಲ್ಮನೆಯಲ್ಲಿ ತಡೆದ ಬಲಪಂಥೀಯ ಮಹನೀಯರು ಎದ್ದು ಬಂದು ಈ ಪಟ್ಟಿಯನ್ನು ಓದಿದರೆ, ತಮ್ಮ ಮೊಮ್ಮಕ್ಕಳು ಕಾಯಲು ಹೊರಟಿರುವುದು ಯಾವ ಸಂಪ್ರದಾಯವನ್ನೆಂದು ಬೆರಗಾಗುವುದರಲ್ಲಿ ಸಂದೇಹವಿಲ್ಲ.

ಪಿಪ್ಪಿಗೂ ಅಲ್ಲಿ ಸ್ಥಾನ ದೊರೆತಿದೆ. ಮೊದಲು ಬರೆದ ಪಿಪ್ಪಿಯೋ, ತಿದ್ದಿದ ಪಿಪ್ಪಿಯೋ ಎಂದು ಹಿರಿಯರು ವಾದಿಸುತ್ತಿದ್ದರೆ, ಪುಸ್ತಕದಂಗಡಿಯಲ್ಲಿ ಮಕ್ಕಳು ಕೊಂಡು ಓದುವ ಪಿಪ್ಪಿಯ ತಂದೆ ದಕ್ಷಿಣ ಸಮುದ್ರದ ರಾಜ.