ಮೂಗಿನ ನಳಿಕೆ, ಕಪ್ಪಾದ ಕೊರಳು: ಕ್ಯಾನ್ಸರ್ ರೋಗಿಗೆ ಮನೆಯ ಆರೈಕೆ

ಅಡಿಕೆ ಸುಲಿಯುವ ಕಾಲದ ಒಂದು ಶನಿವಾರ ರೋಗಿಗಳ ಭೇಟಿಗೆಂದು ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಹೋಗಿದ್ದೆ. ಯಜಮಾನರಿಗೆ ನಾಲಗೆಯ ಬುಡದ ಕ್ಯಾನ್ಸರ್. ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಅದು ತೊಡಗಿ ನಾಲ್ಕನೆಯ ವಾರ. ಎರಡು ದಿನ ರಜೆಯೆಂದು ಮನೆಗೆ ಬಂದಿದ್ದರು. ಮೂಗಿನಲ್ಲಿ ನಳಿಕೆ, ಕೊರಳು ಸುಟ್ಟ ಬದನೆಯಂತೆ ಕಪ್ಪು. ರಾತ್ರಿಯಿಂದ ಬಿಡದ ಕೆಮ್ಮು. ಮನೆಯಾಕೆ ಗಂಜಿ ಸೋಸಿ ಸಿರಿಂಜು ಹಿಡಿದು ನಿಂತಿದ್ದರು.

ಅಷ್ಟರಲ್ಲಿ ಹೇಳಿಕಳುಹಿಸಿದ್ದ ಪಂಚಾಯತಿನ ಪಾಲಿಯೇಟಿವ್ ನರ್ಸ್ ಒಳಗೆ ಬಂದವರೇ, “ನಿಲ್ಲಿಸಿ!” ಎಂದರು. ಮೂಗಿನ ಮೇಲಿನ ಪಟ್ಟಿ ಸಡಿಲವಾಗಿತ್ತು. ಮೂಗಿನ ತುದಿಗೆ ತಾಗಿಕೊಂಡಿರಬೇಕಾದ ಶಾಯಿಯ ಗುರುತು ನಾಲ್ಕು ಬೆರಳು ಕೆಳಗೆ ಜೋತಾಡುತ್ತಿತ್ತು. ನಳಿಕೆ ಜಾರಿತ್ತು. ಗಂಜಿ ಹೊಯ್ದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುವ ಸಂಭವವಿತ್ತು. ನಾನು ಆ ಗುರುತನ್ನು ಆಗಲೇ ಕಂಡಿದ್ದೆ. ಆದರೆ ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಆಶೀರ್ವಾದ ಮಾಡಲು ತಿಳಿದಿತ್ತು, ನಳಿಕೆ ನೋಡಲು ತಿಳಿದಿರಲಿಲ್ಲ. ಆ ದಿನದಿಂದ ಕೇಳಿ, ಓದಿ ಕಲಿತದ್ದನ್ನು ಈ ಅಂಕಣದಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅಡಿಕೆ ಬೆಳೆಯುವ ನಮಗೆ ಇದು ದೂರದ ಮಾತಲ್ಲ. ಹೊಗೆಸೊಪ್ಪು ಮಾತ್ರವಲ್ಲ, ಜಗಿಯುವ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ. ಗಂಟಲು ಹುಣ್ಣಾಗಿ ನುಂಗಲಾಗುವುದಿಲ್ಲ. ಅದಕ್ಕಾಗಿ ನಳಿಕೆ. ನಳಿಕೆ ಹಾಕಿದರೆಂದರೆ ಕೈಬಿಟ್ಟರು ಎಂದು ಅರ್ಥವಲ್ಲ. ಚಿಕಿತ್ಸೆ ಪೂರ್ತಿಯಾಗುವವರೆಗೆ ದೇಹ ತಾಳಲಿ ಎಂದು ಹಾಕುವುದು. ಎಳೆಯ ಕಂಗಿಗೆ ಬಿಸಿಲು ತಾಗದಂತೆ ಸೋಗೆ ಕಟ್ಟುತ್ತೇವಲ್ಲ, ಹಾಗೆ.

ಚರ್ಮದ ಆರೈಕೆ

ಎರಡನೆಯ, ಮೂರನೆಯ ವಾರದ ಹೊತ್ತಿಗೆ ಕರೆಂಟು ಬಿದ್ದ ಕಡೆ ಚರ್ಮ ಕೆಂಪಾಗಿ, ಒಣಗಿ, ತುರಿಸತೊಡಗುತ್ತದೆ. ಬಳಿಕ ಕಪ್ಪಾಗಿ ಸಿಪ್ಪೆ ಏಳುತ್ತದೆ. ಕೆಲವರಿಗೆ ಕೊರಳಿನ ಮಡಿಕೆಯಲ್ಲಿ ನೀರು ಒಸರುವುದೂ ಉಂಟು. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಇದು ಹೆಚ್ಚಾಗಿ, ಆಮೇಲೆ ಕೆಲವು ವಾರಗಳಲ್ಲಿ ಮಾಯುತ್ತದೆ. ಇದು ಮೊದಲೇ ಗೊತ್ತಿದ್ದರೆ ಮನೆಯವರು ಹೆದರುವುದಿಲ್ಲ.

ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಮೆದುವಾದ ಸಾಬೂನಿನಿಂದ ಕೈಯಲ್ಲೇ ತೊಳೆಯಿರಿ. ಬೈರಾಸಿನಿಂದ ತಿಕ್ಕಬೇಡಿ, ಮೆಲ್ಲನೆ ಒತ್ತಿ ಒಣಗಿಸಿ. ಚರ್ಮದ ಮೇಲೆ ಆಸ್ಪತ್ರೆಯವರು ಹಾಕಿದ ಗುರುತುಗಳಿದ್ದರೆ ಅಳಿಸಬಾರದು. ಅರಸಿನ, ಸುಣ್ಣ, ಸೊಪ್ಪಿನ ರಸ, ಪೌಡರ್, ನೋವಿನ ಮುಲಾಮು ಯಾವುದನ್ನೂ ಸ್ವಂತ ಬುದ್ಧಿಯಿಂದ ಹಚ್ಚಬೇಡಿ. ಕೊಬ್ಬರಿ ಎಣ್ಣೆಯನ್ನೂ ಕೇಳಿಯೇ ಹಚ್ಚಿ. ವೈದ್ಯರು ಕೊಟ್ಟ ಮುಲಾಮನ್ನೂ ಕರೆಂಟಿಗೆ ಹೋಗುವ ಸ್ವಲ್ಪ ಮೊದಲು ದಪ್ಪಕ್ಕೆ ಬಳಿಯಬಾರದು. ಬಿಸಿ ಶಾಖವೂ ಬೇಡ, ಮಂಜುಗಡ್ಡೆಯೂ ಬೇಡ. ಆ ಜಾಗಕ್ಕೆ ಅಂಟುಪಟ್ಟಿ ಹಾಕಬಾರದು, ಕೀಳುವಾಗ ಚರ್ಮವೇ ಕಿತ್ತುಬರುತ್ತದೆ. ಗಡ್ಡಕ್ಕೆ ಬ್ಲೇಡು ತಾಗಿಸಬೇಡಿ. ಕಾಲರ್ ಇಲ್ಲದ ಸಡಿಲ ಹತ್ತಿಯ ಅಂಗಿ ತೊಡಿಸಿ. ಕೊರಳಿನ ಸರ, ಜಪಮಾಲೆ ತೆಗೆದಿಡಿ.

ರೈತರಿಗೊಂದು ಮಾತು: ಬಿಸಿಲಿಗೆ ತೋಟಕ್ಕಿಳಿಯುವುದು, ಕೊಳೆರೋಗಕ್ಕೆ ಮದ್ದು ಬಿಡುವಲ್ಲಿ ನಿಲ್ಲುವುದು ಚಿಕಿತ್ಸೆಯ ಕಾಲಕ್ಕೆ ಬೇಡ. ಸುಣ್ಣ, ಮೈಲುತುತ್ತದ ಹನಿಗಳು ಗಾಯದ ಚರ್ಮದ ಮೇಲೆ ಬಿದ್ದರೆ ಉರಿ ಹೇಳತೀರದು.

ನಳಿಕೆಯ ಆರೈಕೆ

ಮೊದಲು ಕೈ ತೊಳೆಯಿರಿ. ಪ್ರತಿ ಸಲವೂ ಆಹಾರಕ್ಕೆ ಮೊದಲು ಗುರುತು ಮೂಗಿನ ಬಳಿಯೇ ಇದೆಯೇ ನೋಡಿ. ಬಾಯಿ ತೆರೆಸಿ ನಳಿಕೆ ಗಂಟಲಲ್ಲಿ ಸುರುಳಿಯಾಗಿದೆಯೇ ನೋಡಿ. ಸಿರಿಂಜಿನಿಂದ ಮೆಲ್ಲನೆ ಹಿಂದಕ್ಕೆಳೆದಾಗ ಹೊಟ್ಟೆಯ ರಸ ಬರುವುದು ಒಳ್ಳೆಯ ಲಕ್ಷಣ. ನಳಿಕೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು, ಗಾಳಿ ಊದಿ ಸದ್ದು ಕೇಳುವುದು, ಈ ಹಳೆಯ ಕ್ರಮಗಳನ್ನು ನಂಬುವಂತಿಲ್ಲ. ಗುರುತು ಜಾರಿದ್ದರೆ, ಸಂಶಯವಿದ್ದರೆ, ಒಂದು ಹನಿ ನೀರೂ ಹೊಯ್ಯಬೇಡಿ. ನೀವೇ ಒಳಗೆ ತಳ್ಳಲೂ ಬೇಡಿ. ನರ್ಸಿಗೆ ತಿಳಿಸಿ.

ರೋಗಿಯನ್ನು ಕುಳ್ಳಿರಿಸಿ, ಇಲ್ಲವೇ ದಿಂಬು ಕೊಟ್ಟು ತಲೆಯ ಕಡೆಯನ್ನು ಚೆನ್ನಾಗಿ ಎತ್ತರಿಸಿ. ಮಲಗಿದವರಿಗೆ ಹೊಯ್ಯಲೇಬಾರದು. ಮೊದಲು ಸುಮಾರು 30 ಮಿಲಿಲೀಟರ್ ಕುದಿಸಿ ಆರಿಸಿದ ನೀರು, ಆಮೇಲೆ ಆಹಾರ, ಕೊನೆಗೆ ಪುನಃ 30 ಮಿಲಿಲೀಟರ್ ನೀರು. ಬೋರ್ಡೋ ಬಿಟ್ಟ ಮೇಲೆ ಪಂಪಿಗೆ ಶುದ್ಧ ನೀರು ಹಾಯಿಸದಿದ್ದರೆ ನಾಜಲಿನಲ್ಲಿ ಸುಣ್ಣ ಕಟ್ಟುವುದು ನಿಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ಸಿರಿಂಜನ್ನು ಎತ್ತಿ ಹಿಡಿದು ಆಹಾರ ತಾನಾಗಿ ಇಳಿಯಲು ಬಿಡಿ, ಒತ್ತಬೇಡಿ. ಒಂದು ಹೊತ್ತಿಗೆ 200ರಿಂದ 250 ಮಿಲಿಲೀಟರ್, ಸುಮಾರು 15-20 ನಿಮಿಷದಲ್ಲಿ. ಎರಡು ಮೂರು ಗಂಟೆಗೊಮ್ಮೆ ಕೊಡುವುದು ರೂಢಿ. ಅಳತೆಯನ್ನು ಆಸ್ಪತ್ರೆಯವರು ಹೇಳಿದಂತೆ ಪಾಲಿಸಿ. ಮುಗಿದ ಮೇಲೆ ಅರ್ಧದಿಂದ ಒಂದು ಗಂಟೆ ಮಲಗಿಸಬೇಡಿ.

ಬರೀ ಗಂಜಿ ತಿಳಿ ಕೊಡುವುದು ನಮ್ಮ ಮನೆಗಳ ದೊಡ್ಡ ತಪ್ಪು. ಅದು ಗೊಬ್ಬರವಿಲ್ಲದೆ ತೋಟಕ್ಕೆ ನೀರು ಮಾತ್ರ ಬಿಟ್ಟಂತೆ. ಚರ್ಮ ಮಾಯಲು ಸಸಾರಜನಕ ಬೇಕು. ಹುರಿದ ರಾಗಿ, ಹೆಸರುಬೇಳೆಯ ಹುಡಿಯನ್ನು ಹಾಲಿನಲ್ಲಿ ಬೇಯಿಸಿ, ಚಮಚ ಎಣ್ಣೆ ಸೇರಿಸಿ. ಚೆನ್ನಾಗಿ ಬೆಂದ ಮೊಟ್ಟೆಯನ್ನೂ ನುಣ್ಣಗೆ ಅರೆಯಬಹುದು. ಎಲ್ಲವನ್ನೂ ತೆಳು ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗೆ ಕೊಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಪಥ್ಯ ಬೇರೆ, ಕೇಳಿಕೊಳ್ಳಿ. ಬೆಳಿಗ್ಗೆ ಮಾಡಿದ್ದನ್ನು ಹೊರಗಿಟ್ಟು ಸಂಜೆ ಕೊಡಬಾರದು.

ಮಾತ್ರೆಗಳನ್ನು ಒಂದೊಂದಾಗಿ ಹುಡಿಮಾಡಿ ನೀರಿನಲ್ಲಿ ಕರಗಿಸಿ ಕೊಡಬೇಕು. ಕೆಲವು ಮಾತ್ರೆಗಳನ್ನು ಹುಡಿಮಾಡಲೇಬಾರದು. ಯಾವುವು ಎಂದು ಮೊದಲೇ ಕೇಳಿ. ನಳಿಕೆ ಕಟ್ಟಿಕೊಂಡರೆ ಬೆಚ್ಚಗಿನ ನೀರನ್ನು ಸಿರಿಂಜಿನಿಂದ ಮೆಲ್ಲನೆ ಮುಂದಕ್ಕೂ ಹಿಂದಕ್ಕೂ ಆಡಿಸಿ. ತಂತಿ, ಕಡ್ಡಿ ತೂರಿಸಬೇಡಿ. ಮೂಗಿನ ಪಟ್ಟಿಯನ್ನು ಒದ್ದೆಯಾದಾಗ, ಸಡಿಲವಾದಾಗ ಬದಲಿಸಿ. ಮೂಗಿನ ಒಳ ಅಂಚಿನಲ್ಲಿ ಹುಣ್ಣಾಗಿದೆಯೇ ದಿನವೂ ನೋಡಿ.

ಕೆಲವರಿಗೆ ಹೊಟ್ಟೆಯ ಮೇಲೆ ರಂಧ್ರ ಮಾಡಿ ನಳಿಕೆ ಇಡುತ್ತಾರೆ. ಅದರ ಸುತ್ತ ದಿನವೂ ಸಾಬೂನು ನೀರಿನಿಂದ ಒರೆಸಿ ಒಣಗಿಸಿ. ಒಂದು ವೇಳೆ ಅದು ಹೊರಬಂದರೆ ನಾಳೆ ಹೋಗೋಣ ಎನ್ನಬೇಡಿ. ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. ಶುಚಿಯಾದ ಬಟ್ಟೆ ಮುಚ್ಚಿ, ಬಿದ್ದ ನಳಿಕೆಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಬಾಯಿಯಿಂದ ಉಣ್ಣದಿದ್ದರೂ ಬಾಯಿ ತೊಳೆಯಲೇಬೇಕು. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗುಳಲಿ. ಆಸ್ಪತ್ರೆಯಲ್ಲಿ ಕಲಿಸಿದ ನುಂಗುವ ವ್ಯಾಯಾಮವನ್ನು ಬಿಡಬಾರದು. ಎಲೆಯಡಿಕೆ, ಹೊಗೆಸೊಪ್ಪು ಪೂರ್ತಿ ಬಂದ್.

ಕೂಡಲೇ ವೈದ್ಯರಲ್ಲಿಗೆ ಹೋಗಬೇಕಾದದ್ದು: ಆಹಾರ ಕೊಡುವಾಗ ಕೆಮ್ಮು, ಏದುಸಿರು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ. ಬಿಡದ ವಾಂತಿ. ರಕ್ತ, ಕಪ್ಪು ಮಲ. ಚರ್ಮದಲ್ಲಿ ಕೀವು, ದುರ್ವಾಸನೆ.

ನಿಲ್ಲಿಸಬೇಡಿ

ಆ ಶನಿವಾರ ಮಗ ನನ್ನನ್ನು ಅಂಗಳಕ್ಕೆ ಕರೆದು, “ಫಾದರ್, ಇನ್ನು ಸಾಕು. ಸೋಮವಾರ ಕರಕೊಂಡು ಹೋಗುವುದಿಲ್ಲ” ಎಂದಿದ್ದ. ತಂದೆಯ ಕೊರಳು ನೋಡಿ ಅವನಿಗೆ ತಡೆಯಲಾಗಿರಲಿಲ್ಲ. ಅವನಿಗೆ ನರ್ಸ್ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡಾ 1ರಂತೆ ಇಳಿಯುತ್ತದೆ. ಅರ್ಧದಲ್ಲಿ ಬಿಟ್ಟರೆ ಪಟ್ಟ ಕಷ್ಟವೆಲ್ಲ ನೀರುಪಾಲು. ವಿರಾಮ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ, ನಮ್ಮ ಕನಿಕರ ನಿರ್ಧರಿಸುವುದು ಬೇಡ.

ಕೇರಳ ಸರ್ಕಾರವು 2008ರಲ್ಲಿ ಪಾಲಿಯೇಟಿವ್ ಆರೈಕೆಯ ನೀತಿ ಹೊರಡಿಸಿದ ಬಳಿಕ ಪಂಚಾಯತುಗಳ ಮೂಲಕ ಮನೆಗೆ ನರ್ಸ್ ಬರುವ ಏರ್ಪಾಡಿದೆ. ಸಾಯುವವರಿಗೆ ಮಾತ್ರ ಎಂದು ತಿಳಿಯಬೇಡಿ, ನಳಿಕೆ, ಗಾಯದ ಆರೈಕೆಗೂ ಅವರು ಬರುತ್ತಾರೆ. ವಾರ್ಡಿನ ಆಶಾ ಕಾರ್ಯಕರ್ತೆಯಲ್ಲಿ ಹೇಳಿದರೆ ಸಾಕು.

ನುಂಗಲಾರದವರು ಪರಮ ಪ್ರಸಾದ ಸಿಗದೆಂದು ಕೊರಗಬೇಕಿಲ್ಲ. ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ಕಾನೂನಿನಲ್ಲಿ ಅವಕಾಶವಿದೆ. ಬಾಯಿಗೆ ಒಂದು ಹನಿ ಕೊಡಬಹುದೇ ಎಂದು ವೈದ್ಯರಲ್ಲಿ ಕೇಳಿ ನನಗೆ ತಿಳಿಸಿ.

ಆ ಯಜಮಾನರು ಸೋಮವಾರ ಹೋದರು. ಏಳು ವಾರವೂ ಮುಗಿಸಿದರು. ಮೂರನೆಯ ತಿಂಗಳಲ್ಲಿ ನಳಿಕೆ ತೆಗೆದರು. ಮೊನ್ನೆ ಹೋದಾಗ ಜಗಲಿಯಲ್ಲಿ ಕುಳಿತು ಮೆಲ್ಲಮೆಲ್ಲನೆ ರಾಗಿ ಗಂಜಿ ಕುಡಿಯುತ್ತಿದ್ದರು. ರುಚಿ ಇನ್ನೂ ಪೂರ್ತಿ ಬಂದಿಲ್ಲವಂತೆ. ಮಗ ಅಡಿಕೆ ಸುಲಿಯುತ್ತಿದ್ದ. ಬಾಯಿಗೆ ಮಾತ್ರ ಹಾಕುವುದಿಲ್ಲ ಎಂದ.